ಏಳರ ನಡೆಗೆ ಎರಡು ಕಾಲು

ಚಿನ್ನದ ಗಣಿಯ ಉರಿಗಾಂಗೆ ಬಂದ ಮೇಲೆ ನಾನು ಮೊದಲು ಕಲಿತದ್ದು ಸುಮ್ಮನಿರುವುದನ್ನು. ಇಲ್ಲಿ ಸುಮ್ಮನಿರುವುದನ್ನೂ ಕಾಗದದ ಮೇಲೆ ಬರೆಯುತ್ತಾರೆ! ಬ್ಯಾಂಡ್ ಮಾಸ್ಟರ್ ಜೋಸೆಫ್ ಅವರು ಐದು ಗೀಟಿನ ಹಾಳೆಯಲ್ಲಿ ಕೊಕ್ಕೆಯಂಥ ಒಂದು ಗುರುತಿನ ಮೇಲೆ ಬೆರಳಿಟ್ಟು, "ಇದು ಬಂದಾಗ ಕೈ ಎತ್ತಬೇಡ. ಆದ್ರೆ ಎಣಿಸ್ತಾ ಇರು" ಎಂದರು. ಅದರ ಹೆಸರು ರೆಸ್ಟ್. ಬಾರಿಸದೆ ಇರುವ ಹೊತ್ತಿಗೂ ಅಳತೆಯಿದೆ, ಅರ್ಧ, ಕಾಲು, ಅರೆಕಾಲು ಎಂಬ ಲೆಕ್ಕವಿದೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮೂರಲ್ಲಿ ನಮ್ಮ ಕೈ ನಿಲ್ಲಿಸಲು ಯಾರೂ ಗುರುತು ಬರೆಯುತ್ತಿರಲಿಲ್ಲ. ಪಟೇಲರು ಒಮ್ಮೆ ಹುಬ್ಬು ಗಂಟಿಕ್ಕಿದರೆ ಮುಗಿಯುತ್ತಿತ್ತು.

ಕಾಮಸಮುದ್ರದ ಕಡೆ ನನ್ನನ್ನು ಬಲ್ಲವರು "ಹೊಟ್ಟೆಪಾಡಿಗೆ ಗಣಿ ಸೇರಿದ" ಎಂದು ಮಾತಾಡಿಕೊಳ್ಳುತ್ತಾರಂತೆ. ಅರ್ಧ ಸುಳ್ಳು. ನಾನು ತಮಟೆ ಬಿಟ್ಟು ಓಡಿಬಂದವನು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ನಮ್ಮ ಕೇರಿಗೆ ಕರೆಯಲು ಆಳು ಬರುತ್ತಿದ್ದ. ಜ್ವರ ಅನ್ನುವಂತಿಲ್ಲ, ಬೇರೆ ಕೆಲಸವಿದೆ ಅನ್ನುವಂತಿಲ್ಲ. ಅಪ್ಪ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿಕೊಂಡು ಹೊರಡುತ್ತಿದ್ದ, ಹಿಂದೆ ನಾನು. ಬಾರಿಸುವುದೆಂದರೆ ನನಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಬಾರ್ಸ್ತೀಯಾ?" ಎಂದು ಹುಟ್ಟಿದಾಗಿನಿಂದ ಒಬ್ಬನೂ ಕೇಳಲಿಲ್ಲವಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಕನ್ನಡದ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ ಮರುವರ್ಷ, ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಉರಿಗಾಂನಲ್ಲಿ ಇಳಿದೆ. ಹಾಗೆ ಕನ್ನಡ ರಾಜ್ಯದಲ್ಲಿ ಇಳಿದವನಿಗೆ ಕೊಳಾಯಿಯ ಹತ್ತಿರ ಕನ್ನಡದಲ್ಲಿ ಒಂದು ಕೊಡ ನೀರು ಕೇಳಲು ಬಾಯಿಲ್ಲದಂತಾಯಿತು. ಇಲ್ಲಿ ಎಲ್ಲರದೂ ತಮಿಳು, ನೀರಿಗೆ 'ತಣ್ಣಿ' ಎನ್ನಬೇಕು. ಸಾಲಿನಲ್ಲಿದ್ದ ಹೆಂಗಸರು ನನ್ನ ಕನ್ನಡಕ್ಕೂ ನಕ್ಕರು, ಅರೆಬರೆ ತೆಲುಗಿಗೂ ನಕ್ಕರು. ಊರಲ್ಲಿ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯುತ್ತಿದ್ದೆವು. ಇಲ್ಲಿ ನಗುತ್ತಲೇ ನನ್ನ ಕೊಡವನ್ನು ತಮ್ಮ ಕೊಡಕ್ಕೆ ತಾಗಿಸಿ ಸಾಲಿನಲ್ಲಿ ಇಟ್ಟರು. ಆ ಸದ್ದಿಗೆ ನಾನು ಬೆಚ್ಚಿಬಿದ್ದದ್ದು ಅವರಿಗೆ ಅರ್ಥವಾಗಲಿಲ್ಲ.

ಇರಲು ಜಾಗ ಕೊಟ್ಟವನು ಸೆಲ್ವರಾಜ. ಹಗಲು ಅದಿರು ಅರೆಯುವ ಮಿಲ್ಲಿನಲ್ಲಿ ಕೆಲಸ, ಸಂಜೆ ಮಾಸ್ಟರ ಬ್ಯಾಂಡಿನಲ್ಲಿ ಕ್ಲಾರಿನೆಟ್. ಅವನ ತಾತ ಆರ್ಕಾಟಿನ ಕಡೆಯ, ನಮ್ಮಂಥದೇ ಒಂದು ಕೇರಿಯಿಂದ ಗಣಿಗೆ ಬಂದವನು. ಬ್ಯಾಂಡಿನ ಹದಿನಾಲ್ಕು ಜನರಲ್ಲಿ ಮುಕ್ಕಾಲು ಮಂದಿಯ ಕತೆ ಅದೇ. ಗಣಿ ಕೆಲಸಗಾರರ ಸಾಲಿನಲ್ಲಿದ್ದ ಅವನ ಲೈನ್ ಮನೆಗೆ ಬಿದಿರು ತಟ್ಟಿಯ ಗೋಡೆ, ಪಕ್ಕದವರು ನಿಟ್ಟುಸಿರು ಬಿಟ್ಟರೂ ಕೇಳುತ್ತಿತ್ತು. ಆಗಾಗ ನೆಲದಾಳದಲ್ಲಿ ಬಂಡೆ ಸಿಡಿದು ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಜನ ಒಂದು ಗಳಿಗೆ ತುತ್ತು ಹಿಡಿದು ಕೂತು, ಮತ್ತೆ ಉಣ್ಣುತ್ತಿದ್ದರು. ಮುದ್ದೆ ಸಿಗುತ್ತಿರಲಿಲ್ಲ. ಅನ್ನ ಎಷ್ಟು ಉಂಡರೂ ಹೊಟ್ಟೆ ತುಂಬಿದಂತೆ ಅನಿಸದೆ, ಭಾನುವಾರ ರಾಬರ್ಟ್‌ಸನ್‌ಪೇಟೆಯಿಂದ ರಾಗಿಹಿಟ್ಟು ತಂದು ನಾನೇ ತೊಳಸುತ್ತಿದ್ದೆ. ಗಂಟುಗಂಟಾದ ಆ ಮುದ್ದೆ ಮುರಿಯುವಾಗ ಅವ್ವನ ನೆನಪಾಗಿ ಅಳು ಬರುತ್ತಿತ್ತು, ಅತ್ತೂ ಇದ್ದೇನೆ.

ಮೊದಲ ದಿನ ಮಾಸ್ಟರ ಮುಂದೆ ನಿಂತು, "ಹಾಡು ಬರೆಯೋದು ಕಲಿಸಿ" ಎಂದೆ. ಅವರು ಸೈನ್ಯದ ಬ್ಯಾಂಡಿನಲ್ಲಿ ಇದ್ದು ಬಂದವರು, ಬೂಟಿನ ಮೇಲೆ ಧೂಳು ಕೂರಲು ಬಿಡದ ಮನುಷ್ಯ. ನನ್ನ ಅಂಗೈ ತಿರುಗಿಸಿ ನೋಡಿದರು.

"ಈ ಕೈ ಡ್ರಮ್ಮಿಗೆ ಹುಟ್ಟಿದ್ದು, ತಂಬಿ. ಬರೆಯೋದೆಲ್ಲ ನಿನಗೆ ಎದುಕ್ಕು?"

ಎದುಕ್ಕು ಎಂದರೆ ಯಾಕೆ. ಊರು ಬಿಟ್ಟು, ಭಾಷೆ ಬಿಟ್ಟು ಬಂದರೂ ನನ್ನ ಅಂಗೈ ನನಗಿಂತ ಮೊದಲೇ ಬಂದು ಕೂತಿತ್ತು. ದೊಡ್ಡ ಡ್ರಮ್ಮನ್ನು ನನ್ನ ಹೆಗಲಿಗೆ ಏರಿಸಿದರು. ಅವತ್ತು ಅದರ ಚರ್ಮ ಹರಿದುಹೋಗಲಿ ಎಂದೇ ಬಾರಿಸಿದೆ.

ಬರೆಯಲು ಕಲಿಸಿದವನು ಸೆಲ್ವರಾಜ. ಐದು ಗೀಟಿನ ಹಾಳೆ ಕೊಳ್ಳುವ ಶಕ್ತಿ ನನಗಿರಲಿಲ್ಲ. ಒಂದು ಬಾಚಣಿಗೆಯಲ್ಲಿ ಐದು ಹಲ್ಲು ಉಳಿಸಿ ಮಿಕ್ಕಿದ್ದು ಮುರಿದೆ, ಶಾಯಿಯಲ್ಲಿ ಅದ್ದಿ ಎಳೆದರೆ ಒಂದೇ ಸಲಕ್ಕೆ ಐದು ಗೀಟು. ಅಡ್ಡಗೀಟು ಹಾಕಿ ಹಾಡನ್ನು ಸಮಸಮ ಮನೆಗಳಾಗಿ ಭಾಗ ಮಾಡುತ್ತಾರೆ, ಒಂದೊಂದು ಮನೆಗೂ ಬಾರ್ ಎಂದು ಹೆಸರು. ಒಂದು ಬಾರ್‌ಗೆ ನಾಲ್ಕು ಏಟು ಎಂದರೆ ನಾಲ್ಕೇ. ಮೂರನೇ ತಿಂಗಳು ನಾನು ಹಾಳೆ ನೋಡಿ ಒಂದು ಮದುವೆ ಹಾಡನ್ನು ಬಾಯಲ್ಲೇ ಅಂದು ತೋರಿಸಿದಾಗ ಸೆಲ್ವರಾಜ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಯಾರೂ ಬಾರಿಸದೆ, ಯಾರೂ ಊದದೆ ಹಾಳೆಯೊಳಗಿಂದ ಹಾಡು ಕೇಳಿತ್ತು. ಹಾಗಾದರೆ ನನ್ನ ತಲೆಯೊಳಗಿನದನ್ನು ಹಾಳೆಗೆ ಇಳಿಸಬಹುದಲ್ಲ ಎಂದುಕೊಂಡೆ. ನನಗೆ ಬೇಕಾಗಿದ್ದು ಅದೊಂದೇ: ಬಾರಿಸುವವನಲ್ಲ, ಇದನ್ನು ಕಟ್ಟಿದವನು ಇವನು ಎಂದು ಕರೆಸಿಕೊಳ್ಳಬೇಕು.

ನನ್ನ ತಲೆಯೊಳಗಿದ್ದದ್ದು ಅಪ್ಪನ ಏಳು, ಏಳು ಏಟಿನ ಒಂದು ಸುತ್ತು. ಡಣಕ, ಡಣಕುಟ. ಮೂರು, ಆಮೇಲೆ ನಾಲ್ಕು. ಕೇರಿಯಲ್ಲಿ ನಮ್ಮದೇ ಮದುವೆಗಳಲ್ಲಿ ಅಪ್ಪ ಬಾರಿಸುತ್ತಿದ್ದ ಏಟು ಅದು. ಅದರ ಮೇಲೆ ಕ್ಲಾರಿನೆಟ್ಟಿಗೆ ಒಂದು ರಾಗ ಕಟ್ಟಿದೆ, ಕೆಳಗೆ ತುತ್ತೂರಿಗೆ ಒಂದು ಜೊತೆ. ಬರೆದು ಅಳಿಸಿ, ಅಳಿಸಿ ಬರೆದು, ಬಾಚಣಿಗೆಯ ಎರಡು ಹಲ್ಲು ಸವೆದವು. ಮಾಸ್ಟರ್ ಹುಬ್ಬೇರಿಸಿದರು, ಆದರೂ ಮೈದಾನದಲ್ಲಿ ನಡೆದು ನುಡಿಸಿ ನೋಡಲು ಒಪ್ಪಿದರು.

ನಡೆಯಲು ಶುರುಮಾಡಿದ್ದೇ ತಡ, ಬ್ಯಾಂಡೆಲ್ಲ ಎಡವಿತು. ದೊಡ್ಡ ಡ್ರಮ್ಮಿನ ಏಟಿಗೆ ಎಡಗಾಲು ಇಡಬೇಕೆಂಬುದು ಈ ಜನಕ್ಕೆ ರಕ್ತದಲ್ಲೇ ಬಂದುಬಿಟ್ಟಿದೆ. ನಾನು ಪ್ರತಿ ಏಳರ ಮೊದಲಿಗೆ ಒಂದು ಏಟು ಹಾಕುತ್ತಿದ್ದೆ. ಮೊದಲ ಸುತ್ತಿನ ಏಟು ಎಡಗಾಲಿಗೆ ಬಿತ್ತು. ಏಳು ಹೆಜ್ಜೆ ಕಳೆದರೆ ಎರಡನೆಯದು ಬಲಗಾಲಿಗೆ! ಒಬ್ಬ ಕಾಲು ಬದಲಿಸಿದ, ಇನ್ನೊಬ್ಬ ಕುಪ್ಪಳಿಸಿದ, ತುತ್ತೂರಿಯವನ ಮೊಣಕೈ ಮುಂದಿನವನ ಬೆನ್ನಿಗೆ ತಿವಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇದು ಸಾವು ಮೇಳಂ ಡಾ" ಎಂದರು ಮಾಸ್ಟರ್. "ಹೆಣದ ಮುಂದೆ ಸರಿ. ಕಲ್ಯಾಣಕ್ಕೆ ಆಗೋದಿಲ್ಲ."

ನಮ್ಮ ಮದುವೆಯ ಏಟನ್ನು ಅವರು ಹೆಣಕ್ಕೆ ಕೊಟ್ಟರು. ಗಣಿಗೆ ಮರದ ದಿಮ್ಮಿ ಹೊರುವ ನನ್ನ ಕೆಲಸದ ಅಂಗಳಕ್ಕೆ ನಾಲ್ಕು ದಿನ ನಡೆದು ಹೋಗುವಾಗ ಹಲ್ಲು ಕಚ್ಚಿಕೊಂಡು ಹೆಜ್ಜೆ ಎಣಿಸಿದೆ. ಐದನೇ ದಿನ ಹೊಳೆಯಿತು. ದೊಡ್ಡ ಡ್ರಮ್ಮು ಏಳರ ಗೊಡವೆಗೇ ಹೋಗಬಾರದು. ಅದು ಎಡಗಾಲು ಬಿದ್ದಾಗಲೆಲ್ಲ ಒಂದು ಏಟು ಹಾಕುತ್ತ ತನ್ನ ಪಾಡಿಗೆ ಹೋಗಲಿ. ಸಣ್ಣ ಡ್ರಮ್ಮೂ ಕ್ಲಾರಿನೆಟ್ಟೂ ಅದರ ಮೇಲೆ ಏಳನ್ನೇ ಹಿಡಿಯಲಿ. ಹದಿನಾಲ್ಕು ಹೆಜ್ಜೆಗೊಮ್ಮೆ ಎರಡೂ ಬಂದು ಒಂದೇ ಜಾಗದಲ್ಲಿ ಕೂಡುತ್ತವೆ. ನಡುವೆ ಕೇಳುವವನಿಗೆ ಈಗ ಬಿತ್ತು, ಆಗ ಬಿತ್ತು ಎಂಬ ಮಜಾ ಬೇರೆ.

ಮುಂದಿನ ಭಾನುವಾರ ಒಬ್ಬನ ಹೆಜ್ಜೆಯೂ ತಪ್ಪಲಿಲ್ಲ. ಮಾಸ್ಟರ್ ಹಾಳೆ ತೆಗೆದುಕೊಂಡು, ಮೇಲ್ಗಡೆ ತಮ್ಮ ಹೆಸರು ಬರೆಯಲು ಪೆನ್ಸಿಲ್ ಇಟ್ಟರು. ಬ್ಯಾಂಡಿನ ಹಾಡಿಗೆಲ್ಲ ಮಾಸ್ಟರ ಹೆಸರೇ ಪದ್ಧತಿಯಂತೆ.

"ನನ್ನ ಹೆಸರು ಬರೀರಿ. ಇಲ್ಲಾಂದ್ರೆ ಇವತ್ತೇ ಡ್ರಮ್ಮು ಇಳಿಸ್ತೀನಿ" ಎಂದೆ. ಮಾಸ್ಟರ್ ತಮ್ಮ ಮೊದಲಕ್ಷರ ಹೊಡೆದುಹಾಕಿ ನನ್ನ ಹೆಸರು ಬರೆದರು: ಮುನಿವೆಂಕಟ. ಆ ಹಾಳೆಯನ್ನು ಒಳಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ.

ಆ ಬೇಸಿಗೆಯಲ್ಲಿ ನಮ್ಮೂರ ಪಟೇಲರ ಮಗಳ ಮದುವೆಗೆ ನಮ್ಮ ಬ್ಯಾಂಡಿಗೇ ಕರೆ ಬಂತು. ಕೆಂಪು ಕೋಟು, ಹಣೆ ಮುಚ್ಚುವ ಟೋಪಿ. ಬೆಳಗಿನ ಮೆರವಣಿಗೆಯಲ್ಲಿ ನಾನು ಹುಟ್ಟಿದ ಊರಿನ ನಡುಬೀದಿಯಲ್ಲಿ ನಡೆದೆ, ಒಬ್ಬರೂ ಗುರುತು ಹಿಡಿಯಲಿಲ್ಲ. ಮುಂದೆ ತಮಟೆಯವರ ಜೊತೆ ಅಪ್ಪ. ಬ್ಯಾಂಡ್ ಶುರುವಾದಾಗ ತಮಟೆ ನಿಲ್ಲಿಸಬೇಕೆಂದು ಪಟೇಲರ ಆಜ್ಞೆ. ನಾವು ನನ್ನ ಹಾಡು ಎತ್ತಿಕೊಂಡೆವು. ಅಪ್ಪ ತಮಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿ ನಿಂತ, ಹಿಮ್ಮಡಿ ಏಳಕ್ಕೆ ಏಳು ನೆಲ ಬಡಿಯುತ್ತಿತ್ತು. ಗಂಡಿನ ಕಡೆಯವರು ಕುಣಿಯಲು ಶುರುಮಾಡಿದರು.

"ಬಲೇ ಚೆನ್ನಾಗದೆ! ಯಾರ್ದು ಈ ಹಾಡು?" ಎಂದು ಪಟೇಲರು ಮಾಸ್ಟರನ್ನು ಕೇಳಿದರು. ಮಾಸ್ಟರ್ ಈ ಸಲ ನೇರವಾಗಿ ನನ್ನ ಕಡೆ ಕೈ ತೋರಿಸಿದರು. "ನಮ್ಮ ಮುನಿವೆಂಕಟ ಬರೆದದ್ದು."

ಪಟೇಲರು ಬಗ್ಗಿ ಟೋಪಿಯ ಕೆಳಗೆ ನೋಡಿದರು. "ಎಲಾ ಇವ್ನ! ನಮ್ಮ ತಮಟೆಯೋನ ಮಗ ಅಲ್ವೇನ್ಲಾ ನೀನು?"

ಊಟಕ್ಕೆ ಚಪ್ಪರದಲ್ಲಿ ಎಲೆ ಹಾಕಿದ್ದರು. ಹದಿನಾಲ್ಕೂ ಜನ ಕೂತೆವು. ಪಟೇಲರ ಆಳು ಬಂದು ನನ್ನ ಹೆಗಲು ಮುಟ್ಟದೆ, ಎಲೆಯನ್ನಷ್ಟೇ ಎಳೆದ. "ನೀನು ಹಿತ್ಲ ಕಡೀಕ್ ಓಗ್ಲಾ." ನಾನು ಎದ್ದೆ. ನನ್ನಂಥದೇ ಕೇರಿಗಳ ಮೊಮ್ಮಕ್ಕಳು ಸಾಲಾಗಿ ಕೂತಿದ್ದರು. ಅವರ ಕೇರಿ ಪಟೇಲರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಸೆಲ್ವರಾಜ ಅರ್ಧ ಎದ್ದ, ಮಾಸ್ಟರ್ ಅವನ ತೊಡೆಯ ಮೇಲೆ ಕೈಯಿಟ್ಟರು, ಕೂತುಬಿಟ್ಟ. ಅವನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿಯದು.

ಹಿತ್ತಲಲ್ಲಿ ಹುಲ್ಲಿನ ಮೆದೆಯ ಹತ್ತಿರ ಅಪ್ಪ ಉಣ್ಣುತ್ತಿದ್ದ. ನಾನು ಟೋಪಿ ಕಿತ್ತು ನೆಲಕ್ಕೆ ಒಗೆದು ಬಾಯಿಗೆ ಬಂದಂತೆ ಬೈದೆ. ಪಟೇಲರಿಗೆ, ಮಾಸ್ಟರಿಗೆ, ಚಪ್ಪರದಲ್ಲಿ ಸಾರು ಕಲಸುತ್ತಿದ್ದ ಎಲ್ಲರಿಗೂ. ಈಗಲೇ ಹೋಗಿ ಅಲ್ಲಿ ಕೂತವರ ಕೇರಿ ಯಾವುದೆಂದು ಕೂಗಿ ಹೇಳುತ್ತೇನೆ ಎಂದೆ.

"ಯೋಳಿದ್ರೆ ನಿಂಗೇನ್ಲಾ ಬತ್ತದೆ? ಅವ್ರ್ ಅನ್ನನೂ ಕಿತ್ತಂಗಾಯ್ತದೆ. ಕೂತ್ಕಂಡು ಉಣ್ಣು" ಎಂದ ಅಪ್ಪ. ನಾನು ಕೂತೆ. ಅಪ್ಪ ತುತ್ತು ಕಲಸುತ್ತ ಕೇಳಿದ, "ಆ ಏಟು ನಮ್ದಲ್ವಾ?"

"ಹೂಂ ಅಪ್ಪ. ನಾನು ಕಾಗದಕ್ಕೆ ಬರ್ದಿದ್ದೀನಿ." ಒಳಜೇಬಿನ ಹಾಳೆ ತೆಗೆದು ಬಿಡಿಸಿದೆ. ಅವನಿಗೆ ಓದಲು ಬರದು. ಎಡಗೈಯಲ್ಲಿ ಹಿಡಿದು, ಮೇಲಿನ ಅಕ್ಷರಗಳನ್ನು ಗದ್ದದಿಂದ ತೋರಿಸಿದ.

"ಇದೇನ್ ಬರ್ದವ್ರೆ?"

"ನನ್ನ ಎಸ್ರು."

"ನಿಂದೊಂದೇನಾ?"

ಅವನು ಚುಚ್ಚಲೆಂದು ಕೇಳಲಿಲ್ಲ. ತಿಳಿಯಲೆಂದು ಕೇಳಿದ. ಹೆಸರು ಬೇಕೆಂದು ಮಾಸ್ಟರ ಮುಂದೆ ಹಟ ಹಿಡಿದವನಿಗೆ ಒಂದು ಸಲವೂ ಅಪ್ಪನ ಹೆಸರು ನೆನಪಾಗಿರಲಿಲ್ಲ. ಮಾಸ್ಟರ್ ಪೆನ್ಸಿಲ್ ಇಟ್ಟದ್ದು ತಪ್ಪಾದರೆ ನಾನು ಮಾಡಿದ್ದು ಏನು? ಕೋಟಿನಲ್ಲಿ ಪೆನ್ಸಿಲ್ ಹುಡುಕಿ, ಈಗಲೇ ಬರೆಯುತ್ತೇನೆ ಎಂದೆ.

ಅಪ್ಪ ಹಾಳೆ ಹಿಂದಕ್ಕೆ ಎಳೆದುಕೊಂಡ. "ಬ್ಯಾಡ ಕಣ್ಲಾ. ನನ್ನ ಎಸ್ರು ಓದಿದೋರು ಕೇರಿ ತಿಳ್ಕಂಡು ಅಲ್ಲೂ ನಿನ್ನ ಹಿತ್ಲಿಗೇ ಕಳುಸ್ತಾರೆ." ಹಾಳೆಯನ್ನು ಮೊದಲಿದ್ದಂತೆ ಮಡಿಸಿ ನನ್ನ ಜೇಬಿಗೆ ಅವನೇ ಇಟ್ಟ.

ನಾನು ಅವನ ಮಾತು ಕೇಳಿದೆ. ಅದೇ ನನ್ನ ಸಿಟ್ಟು. ವಾಪಸು ಬರುತ್ತ ಬಂಗಾರಪೇಟೆಯಲ್ಲಿ ರೈಲು ಬದಲಾಯಿಸುವಾಗಲೂ ಬರೆಯಲಿಲ್ಲ, ಉರಿಗಾಂನಲ್ಲಿ ಇಳಿದ ಮೇಲೂ ಬರೆಯಲಿಲ್ಲ. ಈಗ ಬ್ಯಾಂಡಿಗೆ ನನ್ನ ಆರು ಹಾಡುಗಳಿವೆ, ನೀರಿನ ಸಾಲಿನಲ್ಲಿ ತಮಿಳಿನಲ್ಲೇ ಜಗಳವಾಡುತ್ತೇನೆ. ಇಲ್ಲಿ ನಾನು ಹಳ್ಳಿಯ ಡ್ರಮ್ಮಿನವನು, ಅಲ್ಲಿಗೆ ಹೋದರೆ ಗಣಿಯ ಕೋಟಿನವನು. ಎರಡೂ ಕಡೆ ಹೋಗಿ ಕೂರುವ ಮೊದಲು ಎಲ್ಲಿ ಎಲೆ ಹಾಕಿದ್ದಾರೆ ಎಂದು ನೋಡುತ್ತೇನೆ. ಅಪ್ಪ ಬೇಡವೆಂದದ್ದನ್ನು ಇವತ್ತು, ಓದಬಲ್ಲ ನಿಮ್ಮೆಲ್ಲರ ಮುಂದೆ, ಶಾಯಿಯಲ್ಲಿ ಬರೆಯುತ್ತಿದ್ದೇನೆ. ಆ ಏಳನ್ನು ಬಾರಿಸಿ ನನಗೆ ಕೊಟ್ಟವನು ಚಿಕ್ಕಮುನಿಯಪ್ಪ, ನನ್ನ ಅಪ್ಪ. ಓದಿದವರು ನನ್ನನ್ನು ಎಲ್ಲಿ ಬೇಕಾದರೂ ಕೂರಿಸಲಿ.