ದೊಡ್ಡ ಕೆ, ಸಣ್ಣ ಕೆ

ರಾಜಾಜಿನಗರದ ಸಣ್ಣ ಕಂಪನಿಯೊಂದರಲ್ಲಿ ನಾನು ಪ್ರೋಗ್ರಾಮರ್ ಆಗಿದ್ದೆ. ರಕ್ತ, ಗಂಟು ಎಲ್ಲ ಪರೀಕ್ಷೆ ಮಾಡುವ ಒಂದು ಲ್ಯಾಬಿನ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಬಿನವರು ರಶೀದಿಯ ಮೇಲೆ ಒಂದು ವಿಳಾಸ ಬರೆದುಕೊಡುತ್ತಿದ್ದರು. ಅದನ್ನು ಫೋನಿನಲ್ಲಿ ಒತ್ತಿದರೆ ರಿಪೋರ್ಟ್ ತೆರೆಯಬೇಕು. ಆದರೆ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ನಮ್ಮ ಸರ್ವರ್ ‘ಪುಟ ಸಿಗಲಿಲ್ಲ’ ಅನ್ನುತ್ತಿತ್ತು. ದಿನವಿಡೀ ದೂರುಗಳು.

“ಹೇಗೆ ಟೈಪ್ ಮಾಡಿದ್ರೂ ತೆರ್ಕೋಬೇಕು ಕಣಮ್ಮ” ಅಂದರು ಬಾಸ್.

ಸರ್ವರ್‌ನಲ್ಲಿ ಮೊದಲೇ ಇದ್ದ ನಿಯಮಗಳಿಂದ ಅದು ಪೂರ್ತಿ ಆಗುತ್ತಿರಲಿಲ್ಲ. ವಿಳಾಸ ಹೊಂದಿಸಿ ನೋಡುವ ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ತುಣುಕೊಂದನ್ನು ನಾನೇ ಬರೆದು ಸೇರಿಸಿದೆ. ಅದು ನಡುವಿನ ಖಾಲಿ ಜಾಗ, ಅಡ್ಡಗೆರೆ ಬಿಟ್ಟುಬಿಡುತ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಅಂತ ಎಣಿಸುತ್ತಿತ್ತು. ದೂರು ನಿಂತಿತು. ಬಾಸ್ ಎಲ್ಲರಿಗೂ ದೋಸೆ ತರಿಸಿದರು. ನಾನು ಹೆಮ್ಮೆಯಿಂದಲೇ ತಿಂದೆ.

ನಾಲ್ಕು ತಿಂಗಳಾದ ಮೇಲೆ ಲ್ಯಾಬಿನಿಂದ ಫೋನ್ ಬಂತು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಒಬ್ಬ ಹೆಂಗಸಿಗೆ ಎದೆಯಲ್ಲಿ ಗಂಟು. ಮಗಳು ಫೋನಿನಲ್ಲಿ ನೋಡಿದ ರಿಪೋರ್ಟಿನಲ್ಲಿ ತೊಂದರೆ ಏನೂ ಇಲ್ಲ ಅಂತಿತ್ತಂತೆ. ರಜೆ ಸಿಗದೆ ಕಾಗದದ ಪ್ರತಿ ತರಲು ಯಾರೂ ಹೋಗಿರಲಿಲ್ಲ. ಗಂಟು ಬೆಳೆದು ಡಾಕ್ಟರು ಹಳೆಯ ಕಾಗದ ತರಿಸಿದಾಗ, ಅದರಲ್ಲಿ ಕ್ಯಾನ್ಸರ್ ಅಂತಿತ್ತು.

ಹುಡುಕಲು ಕೂತೆ. ಅರ್ಧ ಗಂಟೆಯೂ ಬೇಕಾಗಲಿಲ್ಲ. ವಿಳಾಸದ ಕೊನೆಗೆ ರಿಪೋರ್ಟಿನ ನಂಬರು ಇರುತ್ತಿತ್ತು. ದೊಡ್ಡ ಕೆಯಿಂದ ಶುರುವಾಗುವ ನಂಬರು ಕೆಂಗೇರಿ ಶಾಖೆಯದು, ಸಣ್ಣ ಕೆಯದು ಕಾಮಾಕ್ಷಿಪಾಳ್ಯದ್ದು; ಮುಂದಿನ ಅಂಕಿಗಳು ಕೆಲವೊಮ್ಮೆ ಎರಡರಲ್ಲೂ ಒಂದೇ. ಗುಟ್ಟು ಕಾಪಾಡಲೆಂದು ಪುಟದಲ್ಲಿ ಹೆಸರು ಹಾಕುತ್ತಿರಲಿಲ್ಲ. ಮಗಳು ಸಣ್ಣ ಕೆ ಒತ್ತಿದ್ದಳು. ನನ್ನ ಮಾಡ್ಯೂಲ್ ಅವಳಿಗೆ ಕೆಂಗೇರಿಯ ಇನ್ಯಾರದೋ ರಿಪೋರ್ಟ್ ಕೊಟ್ಟಿತ್ತು.

ಕೂಡಲೇ ಮಾಡ್ಯೂಲ್ ತೆಗೆದೆ. ಹೀಗೇ ಮೋಸಹೋದ ಇನ್ನೂ ಮೂವರು ಸಿಕ್ಕರು. ದೇವರ ದಯೆ, ಅವರದು ಸಣ್ಣಪುಟ್ಟ ಕಾಯಿಲೆ.

“ತಾಂತ್ರಿಕ ದೋಷ ಅಂತ ಬರೆದು ಕಳಿಸು, ಸಾಕು. ಯಾರ ಮನೆಗೂ ಹೋಗ್ಬೇಡ” ಅಂದರು ಬಾಸ್.

ಭಾನುವಾರ ಹೋದೆ. ವರ್ಕ್‌ಶಾಪುಗಳ ಹಿಂದಿನ ಓಣಿಯಲ್ಲಿ ಶೀಟಿನ ಮನೆ. ಬಾಗಿಲು ತೆಗೆದವಳೇ ಮಗಳು. ಇಪ್ಪತ್ತೆರಡಿರಬಹುದು, ಅದೇ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್ ಕೆಲಸ. ತಾಯಿ ತಲೆಗೆ ಸೆರಗು ಸುತ್ತಿಕೊಂಡು ಗೋಡೆಗೊರಗಿ ಕೂತಿದ್ದರು. ನಿಂತೇ ಎಲ್ಲ ಹೇಳಿದೆ. ತಪ್ಪು ನನ್ನದು ಅಂದೆ.

ಹುಡುಗಿ ತನ್ನ ಫೋನ್ ಕೈಗೆತ್ತಿಕೊಂಡು ನೋಡಿದಳು. ಆಮೇಲೆ, “ಹಂಗಾರ ನಾ ಒತ್ತಿದ್ದು ಖರೇ ಇತ್ತೇನ್ರಿ?” ಅಂತ ಕೇಳಿದಳು.

“ಸರಿಯಾಗೇ ಒತ್ತಿದ್ದೆ.”

“ನಾನs ತಪ್ಪ ಒತ್ತೀನಿ ಅಂತ ತಿಳ್ಕೊಂಡಿದ್ದೆ ರೀ. ಅವ್ವನ ತಮ್ಮ, ನಮ್ಮ ಮಾವ, ನನ್ನ ಮಾರಿ ಸೈತ ನೋಡವಲ್ಲ. ಅವ್ವನ ಕೊಂದಿ ಅಂತಾನ.” ಅವಳು ನೋಟ್‌ಬುಕ್ ತಂದಳು. “ಇದನ್ನ ಹಾಳ್ಯಾಗ ಬರದ ಕೊಡ್ರಿ.”

ಅದರ ಹಾಳೆ ಹರಿದು ಕೊಟ್ಟಳು. ಮಗಳ ತಪ್ಪಿಲ್ಲ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ಅಷ್ಟರಲ್ಲಿ ತಾಯಿ ಮೆಲ್ಲಗೆ ಅಂದರು: “ಆರಾಮ ಅದೀನಿ ಅನ್ಕೊಂಡು ನಾಕ ತಿಂಗಳ ರಾತ್ರಿ ತನಕಾ ಓಟಿ ಮಾಡಿದ್ನವಾ. ಹೊತ್ತಿಗೆ ಗೊತ್ತಾಗಿದ್ರ ಒಂದಿಷ್ಟು ದಿನ ಮಲಗ್ತಿದ್ದೆ.”

ಅವರು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬಸ್‌ಸ್ಟಾಪಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ.

ಆ ಹಾಳೆ ಲ್ಯಾಬಿನವರ ಕೈಗೂ ಹೋಯಿತು. ಬಾಸ್ ಕೂಗಾಡಿದರು; ನಾನು ಕೆಲಸ ಬಿಟ್ಟೆ. ಆಪರೇಷನ್ ಆಯಿತು, ಕಿಮೋ ಆಯಿತು. ಆಸ್ಪತ್ರೆಗೆ ಎರಡು ಸಲ ಹೋಗಿದ್ದೆ. ಮೂರನೆಯ ಸಲ ಬರಬೇಡಿ ಅಂದಳು ಮಗಳು. ನನ್ನನ್ನು ಕಂಡರೆ ತಾಯಿಗೆ ನಿದ್ದೆ ಬರುವುದಿಲ್ಲವಂತೆ.

ದಸರಾ ಮುಗಿದ ವಾರ ಅವಳದೇ ಫೋನ್. “ಅವ್ವ ಹೋದ್ಲು. ಮುಂಜಾನಿ. ಊರಿಗೆ ಒಯ್ಯಾಕ ಹತ್ತೀವಿ.”

ಹಿಂದೆ ಆಂಬುಲೆನ್ಸಿನ ಬಾಗಿಲು ಹಾಕಿದ ಸದ್ದು. “ಮಾವನೂ ನನ್ನ ಜೋಡಿ ಬರಾಕ ಹತ್ಯಾನ. ನೀವು ಬರದ ಹಾಳಿ ಓದ್ಯಾನ್ರಿ” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟಳು.