ಬರೆದವರ ಹೆಸರು

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ಕೆಲವು ವರ್ಷ ನಾನು ಚೆನ್ನೈಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಅವರು ಕಚೇರಿಗಳಿಗೆ ಒಂದು ಸಾಫ್ಟ್‌ವೇರ್ ಮಾರುತ್ತಿದ್ದರು. ಕಂಪ್ಯೂಟರ್ ಮುಟ್ಟಿರದ ಗುಮಾಸ್ತರಿಗೂ ಮ್ಯಾನೇಜರುಗಳಿಗೂ ಅದನ್ನು ಅರ್ಥ ಮಾಡಿಸುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಹೇಳುತ್ತಿದ್ದದ್ದು ಇಷ್ಟು: ಇದು ಕಚೇರಿಯ ಗೋಡೆಗೆ ಹಾಕಿದ ಕಪ್ಪು ಹಲಗೆ. ಯಾವ ಊರಿನ ಶಾಖೆಯವರೂ ಬರೆಯಬಹುದು, ಎಲ್ಲರೂ ಓದಬಹುದು. ಬರೆದವರ ಹೆಸರು ಪಕ್ಕದಲ್ಲೇ ಇರುತ್ತದೆ. ಯಾರು ಓದಿದರು ಎಂಬುದೂ ಕಾಣುತ್ತದೆ.

ಚೆನ್ನೈಯ ದೊಡ್ಡ ಮಾರುಕಟ್ಟೆಯಾದ ಕೋಯಂಬೇಡಿನ ಹಣ್ಣಿನ ಮಂಡಿಯೊಂದು ಇದನ್ನು ಕೊಂಡಿತು. ಕೊಳ್ಳೇಗಾಲದ ಕಡೆಯಿಂದ ಬಂದ ಮನೆತನ. ಸೇಲಂನಲ್ಲೂ ವೆಲ್ಲೂರಿನಲ್ಲೂ ಶಾಖೆಗಳಿದ್ದವು. ಮಹಡಿಯ ಕಚೇರಿಯಲ್ಲಿ ಹಣೆ ತುಂಬ ವಿಭೂತಿ ಧರಿಸಿದ ಯಜಮಾನರು ಕೂತಿರುತ್ತಿದ್ದರು. ಪಕ್ಕದ ಮೇಜು ಅವರ ಸೊಸೆಯದು. ಗಂಡ ತೀರಿಕೊಂಡ ಮೇಲೆ ಆಕೆ ಕಚೇರಿಗೆ ಬರತೊಡಗಿದ್ದರು. ಯಾವ ಲಾರಿ ಯಾವ ಊರಿಗೆ ಹೋಗಬೇಕು ಎನ್ನುವುದಕ್ಕೆ ಆ ಮಂಡಿಯಲ್ಲಿ ಇದ್ದದ್ದು ಒಂದೇ ಕಟ್ಟಳೆ: ಯಜಮಾನರ ಮಾತು. ಅದು ಫೋನಿನಲ್ಲಿ ಅವರ ಬಾಯಿಂದಲೇ ಬರಬೇಕು.

ಮೊದಲ ದಿನವೇ ಸೊಸೆ ಯಜಮಾನರ ಪಾಸ್‌ವರ್ಡ್ ಹಾಕಿ ಟೈಪ್ ಮಾಡುತ್ತಿರುವುದನ್ನು ಗಮನಿಸಿದೆ.

"ನಿಮಗೇಂತ ಬೇರೆ ಪಾಸ್‌ವರ್ಡ್ ಕೊಟ್ಟಿದೀನಲ್ಲಾ?"

"ಮಾವ್ನೋರು ಹೇಳ್ತಾರೆ, ನಾನು ಟೈಪ್ ಮಾಡ್ತೀನಿ."

ಯಜಮಾನರು ಏನೂ ಹೇಳಿರಲಿಲ್ಲ. ಕಿಟಕಿಯಾಚೆ ಬಾಳೆಗೊನೆ ಇಳಿಸುವುದನ್ನು ನೋಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ, "ಊಟ ಆಯ್ತೇನವ್ವ?" ಎಂದರು. ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಿದ್ದರು.

ಮೆಟ್ಟಿಲಿಳಿಯುವಾಗ ಸೊಸೆ ಹಿಂದೆಯೇ ಬಂದರು. "ಫೋನ್ ಕೊಟ್ರೆ ಸತ್ತೋದ ಡ್ರೈವರ್‌ನ ಕರೀತಾರೆ. ಶಾಖೆಯೋರ್ಗೆ ತಿಳಿದ್ರೆ ಒಬ್ಬೊಬ್ರೂ ತಮ್ದೇ ಮಂಡಿ ಹಾಕ್ಕೊಂಡು ಹೊಂಟೋಯ್ತಾರೆ. ಹೆಂಗ್ಸಿನ ಮಾತ್ಗೆ ಯಾರು ಲಾರಿ ತಿರುಗಿಸ್ತಾರೆ, ಹೇಳಿ? ಅದ್ಕೇ ಇದನ್ನ ತಗೊಂಡಿದ್ದು. ಇದ್ರಲ್ಲಿ ದನಿ ಬೇಕಾಗಿಲ್ವಲ್ಲ."

ಸುದ್ದಿಮನೆಯಲ್ಲಿ, ಆಡಿದವರು ಯಾರೆಂದು ಖಚಿತವಾಗದ ಮಾತನ್ನು ನಾವು ಅಚ್ಚಿಗೆ ಬಿಡುತ್ತಿರಲಿಲ್ಲ. "ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ" ಎಂದೆ.

"ಕೇಳೋರು ಯಾರವ್ರೆ?" ಎಂದರು.

ಕೇಳಿದವರು ಸೇಲಂ ಶಾಖೆಯ ಮ್ಯಾನೇಜರು. ಹೊಸೂರು ಕಡೆಯವರು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವರು; ಚಿಕ್ಕಂದಿನಿಂದ ಈ ಮಂಡಿಯಲ್ಲೇ ಬೆಳೆದವರು, ಅವರ ತಂದೆಯೂ ಇಲ್ಲೇ ಲಾರಿ ಓಡಿಸಿಕೊಂಡಿದ್ದು ತೀರಿಕೊಂಡವರು. ತರಬೇತಿಗೆಂದು ಶಾಖೆಯವರೆಲ್ಲ ಚೆನ್ನೈಗೆ ಬಂದ ದಿನ ಅವರು ಮುಂದಿನ ಸಾಲಿನಲ್ಲೇ ಕೂತರು.

"ನಾನು ಓದಿದ್ದೂ ಎಲ್ಲಾರ್ಗೂ ತೆರಿಯುಮಾ, ಗೊತ್ತಾಗ್ತದಾ, ಮೇಡಂ? ಅಪ್ಪಡೀನ್ನಾ ಇನ್ಮೇಲೆ ಮಧ್ಯಾನ ನಿದ್ದೆ ಮಾಡಂಗಿಲ್ಲ!"

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲೇ ಅವರು ಮತ್ತೆ ಕೇಳಿದರು: "ಹೆಸರಿದ್ರೆ ಅವ್ರೇ ಬರ್ದಿದ್ದು. ಸಂದೇಹ ಇಲ್ಲ, ಅಲ್ವಾ?"

"ಆ ಪಾಸ್‌ವರ್ಡ್ ಗೊತ್ತಿರೋರು ಯಾರೋ ಬರೆದಿದ್ದಾರೆ ಅಂತ ಮಾತ್ರ ಹೇಳಬಹುದು" ಎಂದೆ.

ಸೊಸೆ ನನ್ನತ್ತ ನೋಡಲಿಲ್ಲ.

"ಹಾಗಾದ್ರೆ ಒಂದ್ ಕೆಲ್ಸ ಮಾಡಿ. ಹೊಸ ಲೆಕ್ಕಕ್ಕೆ ಅಯ್ಯಾನೇ ಪಿಳ್ಳೆಯಾರ್ ಸುಳಿ ಹಾಕೋದು ನಮ್ ಪದ್ಧತಿ. ಇದಕ್ಕೂ ಅವ್ರೇ ಹಾಕ್ಲಿ."

ಗಣಪತಿಯನ್ನು ನೆನೆದು ಬರಹದ ತಲೆಗೆ ಹಾಕುವ ಗುರುತು ಅದು. "ಮಾವ್ನೋರ್ಗೆ ಕಣ್ಣು ಮಂಜು" ಎಂದರು ಸೊಸೆ. ಅಷ್ಟರಲ್ಲಿ ಸೇಲಂನವರು ಯಜಮಾನರ ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿಯಾಗಿತ್ತು.

ಯಜಮಾನರು ಕೀಲಿಮಣೆಯನ್ನು ಮುಟ್ಟಲಿಲ್ಲ. ಹಣೆಗೆ ಬೆರಳೊತ್ತಿ, ವಿಭೂತಿ ಮೆತ್ತಿದ ಆ ಬೆರಳಿನಿಂದ ಪರದೆಯ ಗಾಜಿನ ಮೇಲೇ ಸುಳಿ ಬರೆದರು. ಒಬ್ಬಿಬ್ಬರು ಕೈಮುಗಿದರು. ಆಮೇಲೆ ಅವರು ಸೇಲಂನವರನ್ನು ನೋಡಿ ಸಂತೋಷದಿಂದ ಕೇಳಿದರು: "ನಿಮ್ಮಪ್ಪ ಎಲ್ಲೋ? ಬರ್ಲಿಲ್ವಾ?"

ಕೆಳಗೆ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು.

"ವಂಡಿ ನಿಲ್ಲಿಸಿ ಬರ್ತಾವ್ರೆ, ಅಯ್ಯಾ" ಎಂದರು ಸೇಲಂನವರು.

ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು. ಸೊಸೆ ಎದ್ದು ಬಂದು, ಯಜಮಾನರನ್ನು ಅವರ ಕುರ್ಚಿಗೆ ಕಳಿಸಿ, ಪರದೆಯಲ್ಲಿ ತೆರೆದಿದ್ದ ಅವರ ಹೆಸರಿನ ಖಾತೆಯನ್ನು ಮುಚ್ಚಿದರು. ತಮ್ಮ ಪಾಸ್‌ವರ್ಡ್ ಹಾಕಿದರು. ಒಮ್ಮೆ ತಪ್ಪಿ, ಮತ್ತೆ ಹಾಕಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಒಂದೊಂದೇ ಒತ್ತಿ ಬರೆದರು: ಸೇಲಂಗೆ ಬಂದ ಮಾವಿನ ಲೋಡು ಇವತ್ತೇ ವೆಲ್ಲೂರಿಗೆ ಹೋಗಲಿ. ಪಕ್ಕದಲ್ಲಿ ಮೊದಲ ಬಾರಿಗೆ ಆಕೆಯ ಹೆಸರು.

ಅಭ್ಯಾಸಕ್ಕೆಂದು ನಾವು ಜೋಡಿಸಿದ್ದ ಕಂಪ್ಯೂಟರುಗಳಲ್ಲಿ ಶಾಖೆಯವರು ಅದನ್ನು ತೆರೆದರು. ವೆಲ್ಲೂರು ಓದಿತು. ಸೇಲಂ ಓದಿತು. ಉತ್ತರ ಬರೆಯುವ ಜಾಗ ಖಾಲಿಯಿತ್ತು. ಹೇಗೆ ಬರೆಯಬೇಕೆಂದು ಬೆಳಿಗ್ಗೆಯೇ ಹೇಳಿಕೊಟ್ಟಿದ್ದೆ.

ಸೇಲಂನವರು ಕುರ್ಚಿಯ ಹತ್ತಿರ ಹೋಗಿ ಬಗ್ಗಿದರು. "ಅಯ್ಯಾ, ನಮ್ ಲೋಡು ವೆಲ್ಲೂರ್ಗೆ ಬಿಡ್ಲಾ?"

"ಊಟ ಆಯ್ತೇನ್ಲಾ?"

"ಆಯ್ತು, ಅಯ್ಯಾ." ಊಟ ಇನ್ನೂ ಬಂದಿರಲಿಲ್ಲ.

ಅವರು ನೆಟ್ಟಗೆ ನಿಂತು, ಸೊಸೆಗೆ ಮಾತ್ರ ಕೇಳಿಸುವಂತೆ ಹೇಳಿದರೂ ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಈ ಲೋಡು ಬಿಡ್ತೀನಮ್ಮಾ. ಮುಂದಿನ್ದು ಅಪ್ಪುರಂ ಪಾಕ್ಕಲಾಂ, ಆಮೇಲೆ ನೋಡಣ."

"ಅದನ್ನ ಅಲ್ಲಿ ಬರೀರಿ, ಅಣ್ಣ" ಎಂದರು ಆಕೆ. "ಎಲ್ಲಾರೂ ಓದ್ಲಿ."

ಅವರು ಬರೆಯಲಿಲ್ಲ. ಫೋನ್ ಮಾಡಿ ಬರುತ್ತೇನೆಂದು ಮೆಟ್ಟಿಲಿಳಿದರು.

ಲೋಡು ಹೋಯಿತೆಂದು ಸಂಜೆ ತಿಳಿಯಿತು. ಆದರೆ ಆ ಸಂದೇಶದ ಕೆಳಗೆ, ನಾನು ಆ ಮಂಡಿಗೆ ಹೋಗುತ್ತಿದ್ದಷ್ಟು ದಿನವೂ, ಓದಿದವರ ಹೆಸರುಗಳು ಮಾತ್ರ ಇದ್ದವು. ಅಂದು ಆಕೆ ಗಾಜಿನ ಮೇಲಿನ ವಿಭೂತಿಯನ್ನು ಒರೆಸಲಿಲ್ಲ. ತಲೆಯನ್ನು ಅತ್ತಿತ್ತ ವಾಲಿಸಿ, ಅದರ ಸಂದಿಯಲ್ಲೇ ಅಕ್ಷರ ನೋಡಿಕೊಳ್ಳುತ್ತಾ, ಎರಡನೆಯ ಸಂದೇಶ ಬರೆಯತೊಡಗಿದರು.