ನಾನು ಚಿಮುಕಿಸಿದ ನೀರಿನ ತೂಕ

ನನ್ನ ತಮ್ಮ ಬೀಗ ರಿಪೇರಿ ಮಾಡುವವನು. ಪೇಟೆಯವರು ಅವನನ್ನು ಕೀಲಿ ಎಂದೇ ಕರೆಯುತ್ತಿದ್ದರು. ಠಾಣೆಯ ಬೀರುವಿನ ಬೀಗ ಕೈಕೊಟ್ಟಾಗ ಜೀಪು ಬಂದು ನಿಂತಿದ್ದೂ ಅವನ ಅಂಗಡಿಯ ಮುಂದೆಯೇ. ಹೆಂಡತಿ ಬಿಟ್ಟುಹೋದ ಮೇಲೆ ನನ್ನ ಜೊತೆಗೇ ಇದ್ದ. ನನಗೂ ಗಂಡ ತೀರಿಹೋಗಿ ಹನ್ನೆರಡು ವರ್ಷ.

ಅವನು ಗಾಂಜಾ ಸೇದುತ್ತಿದ್ದ. ಮುಚ್ಚಿಟ್ಟು ಏನಾಗಬೇಕು? ತಾರಸಿಯ ಮೇಲೆ ಒಡಕು ಬಕೆಟ್ಟುಗಳಲ್ಲಿ ನಾಲ್ಕು ಗಿಡ ಬೆಳೆಸಿಕೊಂಡಿದ್ದ. ಯಾರಿಗೂ ಒಂದು ಚಿಟಿಕೆ ಮಾರಿದವನಲ್ಲ. ಪಕ್ಕದ ಸೈಕಲ್ ಅಂಗಡಿಯವನು, "ಅಕ್ಕಾ, ಅದು ಬರೀ ಸೊಪ್ಪು. ಸೊಪ್ಪಿನ ಚಟ ಯಾರಿಗಾದ್ರೂ ಹತ್ತುತ್ತಾ?" ಎಂದು ಹಲ್ಲು ಕಿರಿಯುತ್ತಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ. ತಮ್ಮ ಮೂರು ಸಲ ಬಿಡಲು ಹೊರಟ. ಮೂರು ಸಲವೂ ಹಾಸಿಗೆ ಬೆವರಿನಲ್ಲಿ ತೊಯ್ದುಹೋಯಿತು, ಅರ ಹಿಡಿದ ಕೈ ನಡುಗಿ ಕೀಲಿಯ ಹಲ್ಲುಗಳೇ ಕೆಟ್ಟವು.

"ಎರಡು ದಿನ ನೀನೇ ಇವನನ್ನ ಇಟ್ಕೊಂಡು ನೋಡು, ಆಮೇಲೆ ಸೊಪ್ಪು ಅನ್ನು!" ಎಂದು ಆ ಸೈಕಲ್ ಅಂಗಡಿಯವನಿಗೆ ಉಗಿದಿದ್ದೆ.

ಇನ್ನು ನನ್ನ ತಪ್ಪು. ಮೂವತ್ತು ವರ್ಷ ಗಿಡಮೂಲಿಕೆಯ ಗೋದಾಮಿನಲ್ಲಿ ಒಣಸೊಪ್ಪು ಕಟ್ಟಿದವಳು ನಾನು. ಎಲೆ ಪುಡಿಯಾಗದಿರಲೆಂದು ಕಟ್ಟುವ ಮೊದಲು ನೀರು ಚಿಮುಕಿಸುತ್ತಿದ್ದೆವು. ತಮ್ಮ ಗಿಡ ಕಿತ್ತು ಒಣಗಿಸಿ ಗೋಣಿಚೀಲದಲ್ಲಿ ತುಂಬಿಟ್ಟಿದ್ದ. ಗುಡಿಸುವಾಗ ನೋಡಿದರೆ ನೆಲವೆಲ್ಲ ಪುಡಿ. ಕೈ ಸುಮ್ಮನಿರಬೇಕಲ್ಲ! ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಮಧ್ಯಾಹ್ನವೇ ಪೊಲೀಸರು ಬಂದರು. ಕೆಳಮನೆಯವರು ವಾಸನೆಯೆಂದು ದೂರು ಕೊಟ್ಟಿದ್ದರಂತೆ. ಬಟ್ಟೆ ಬಿಚ್ಚಿ ತೂಗಿದರು. ತೂಕ ಕಾನೂನಿನ ಒಂದು ಕಿಲೋ ಮಿತಿ ದಾಟಿತ್ತು. ಮಿತಿಯೊಳಗಿದ್ದರೆ ಸೇದುವವನು, ಆಸ್ಪತ್ರೆಗೆ. ದಾಟಿದರೆ ಮಾರುವವನು, ವರ್ಷಗಟ್ಟಲೆ ಜೈಲಿಗೆ. ಬಿಳಿ ಪುಡಿ ಮಾರಿ ಮಂದಿಯನ್ನು ಕೊಲ್ಲುವವನೂ ನನ್ನ ತಮ್ಮನೂ ಒಂದೇ ಪಟ್ಟಿಯಲ್ಲಿ!

"ಸಾರ್, ಅದರಲ್ಲಿ ನೀರಿದೆ. ನಾನೇ ಹಾಕಿದ್ದು. ಒಣಗಿಸಿ ತೂಗಿ."

"ಅಜ್ಜೀ, ಕಾನೂನಿಗೆ ಒದ್ದೆ, ಒಣ ಅಂತೆಲ್ಲ ಇಲ್ಲ."

"ಹಾಗಾದ್ರೆ ಅದನ್ನ ಬರೆದೋರು ಜನ್ಮದಲ್ಲಿ ತಕ್ಕಡಿ ಮುಟ್ಟಿಲ್ಲ ಬಿಡಿ!"

ತಮ್ಮನನ್ನು ಹಿಡಿದೊಯ್ದು ಜೈಲಿಗೆ ಹಾಕಿದರು. ಕೋರ್ಟಿನಲ್ಲಿ ನಾನು ಹಿಡಿದ ವಕೀಲ ನನ್ನನ್ನು ಪಕ್ಕಕ್ಕೆ ಕರೆದ. "ಅಮ್ಮಾ, ಮತ್ತೆ ತೂಗಿಸ್ಬೇಕಂದ್ರೆ ನೀರು ಹಾಕಿದ್ದು ನೀವೇ ಅಂತ ಬರೆದುಕೊಡಬೇಕು. ಕೊಟ್ರೆ ಮಾಲು ಬಚ್ಚಿಟ್ಟ ಕೇಸು ನಿಮ್ಮ ಮೇಲೂ ಬೀಳುತ್ತೆ."

"ಪೆನ್ ಕೊಡಪ್ಪಾ."

ಎರಡನೇ ಕ್ಲಾಸಿನ ಅಕ್ಷರದಲ್ಲಿ ಬರೆದುಕೊಟ್ಟೆ. ನನ್ನ ಮೇಲೂ ಕೇಸು ಬಿತ್ತು. ನ್ಯಾಯಾಲಯದ ಅಪ್ಪಣೆಯಂತೆ ಒಣಗಿಸಿ ತೂಗಿದರು. ಮಿತಿಗಿಂತ ಮುನ್ನೂರು ಗ್ರಾಂ ಕಡಿಮೆ! ಅಷ್ಟರಲ್ಲಿ ತಮ್ಮ ಎರಡು ತಿಂಗಳು ಒಳಗೆ ಕೊಳೆತಾಗಿತ್ತು. ಅದನ್ನು ಯಾರು ತೂಗಿ ಕೊಡುತ್ತಾರೆ?

ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು: "ಇದು ಎಲ್ಲರಿಗೂ ಅಂಟೋ ಚಟ ಅಲ್ಲಮ್ಮ, ಕೆಲವರಿಗೆ ಅಂಟುತ್ತೆ. ಇವರಿಗೆ ಅಂಟಿದೆ. ಇದು ಕಾಯಿಲೆ, ಕಳ್ಳತನ ಅಲ್ಲ." ಇಷ್ಟು ವರ್ಷದಲ್ಲಿ ನೇರ ಮಾತಾಡಿದ ಬಾಯಿ ಅದೊಂದೇ.

ತಮ್ಮ ಮಾತ್ರ ಮಂಚದ ಮೇಲಿಂದಲೇ ಕೂಗಾಡಿದ: "ಯಾರೇ ಹೇಳಿದ್ರು ನಿಂಗೆ ಬರೆದುಕೊಡು ಅಂತ? ಮುಂದಿನ ತಿಂಗಳು ಈ ಮುದಿ ಕಾಲಲ್ಲಿ ಕಟಕಟೆ ಹತ್ತುತ್ತೀಯಾ?"

"ಹತ್ತುತ್ತೀನಿ ಕಣೋ. ಜಡ್ಜ್ ಸಾಹೇಬ್ರಿಗೂ ತೂಕ ಹಾಕೋದು ಕಲಿಸ್ತೀನಿ. ನೀನು ಬಾಯಿ ತೆಗಿ," ಎಂದು ಅನ್ನದ ಚಮಚ ತುರುಕಿದೆ.

ಕಣ್ಣು ಕೆಕ್ಕರಿಸಿಕೊಂಡೇ ನುಂಗಿದ.